ಕೂಡಿಡಲಾಗದ ಗಂಟೆಗಳು

ಕೇಳುಗರಿಗೆ ನಮಸ್ಕಾರ. ಭೌತಶಾಸ್ತ್ರ ಓದುತ್ತಿರುವವರು, ಮುಂದೆ ದೊಡ್ಡ ಪ್ರಯೋಗಾಲಯದಲ್ಲಿ ದುಡಿಯಬೇಕೆಂಬ ಆಸೆ ಇರುವವರು ನಿಮ್ಮಲ್ಲಿ ಇದ್ದೀರೆಂದು ಭಾವಿಸಿ ಮಾತಾಡುತ್ತಿದ್ದೇನೆ. ವೇಗವರ್ಧಕದಿಂದ ಹೊರಡುವ ಕಣಗಳು ಯಾವ ದಿನ, ಯಾರ ಉಪಕರಣದ ಮೇಲೆ, ಎಷ್ಟು ಗಂಟೆ ಬೀಳಬೇಕು ಎಂಬ ವೇಳಾಪಟ್ಟಿಯನ್ನು ಹಲವು ವರ್ಷ ಸಿದ್ಧಪಡಿಸಿದವನಾದ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಬೀಮ್ ಸಮಯವನ್ನು, ಅಂದರೆ ಈ ಕಣಗಳ ಧಾರೆ ಸಿಗುವ ಗಂಟೆಗಳನ್ನು, ಕೂಡಿಡಲು ಬರುವುದಿಲ್ಲ. ಇಂದು ಬಳಸದೆ ಹೋದ ಗಂಟೆ ನಾಳೆ ಯಾರಿಗೂ ಸಿಗುವುದಿಲ್ಲ.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯವನ್ನೇ ನೋಡಿ. ಅಲ್ಲಿ 1959ರಲ್ಲಿ ಚಾಲನೆಗೆ ಬಂದ, 628 ಮೀಟರ್ ಸುತ್ತಳತೆಯ ಪ್ರೋಟಾನ್ ಸಿಂಕ್ರೋಟ್ರಾನ್ ಎಂಬ ವರ್ತುಲಾಕಾರದ ವೇಗವರ್ಧಕ ಇಂದಿಗೂ ಕೆಲಸ ಮಾಡುತ್ತಿದೆ. ಅದು ತನ್ನದೇ ಪ್ರಯೋಗಗಳಿಗೂ, ಸುಮಾರು 7 ಕಿಲೋಮೀಟರ್ ಸುತ್ತಳತೆಯ ಮುಂದಿನ ವರ್ತುಲಕ್ಕೂ, ಅಲ್ಲಿಂದಾಚೆಗೆ 27 ಕಿಲೋಮೀಟರಿನ ಮಹಾವರ್ತುಲಕ್ಕೂ ಪ್ರೋಟಾನುಗಳನ್ನು ಒದಗಿಸಬೇಕು. ಇದಕ್ಕಾಗಿ ಕಾಲವನ್ನು 1.2 ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಈ ತುಣುಕು ಇವರಿಗೆ, ಆ ತುಣುಕು ಅವರಿಗೆ ಎಂದು ಸರದಿ ಕಟ್ಟುತ್ತಾರೆ. ಇಷ್ಟನ್ನು ಯಂತ್ರ ಅಚ್ಚುಕಟ್ಟಾಗಿ ನಡೆಸಿಕೊಡುತ್ತದೆ. ಕಷ್ಟ ಬರುವುದು ಬೀಮ್‌ಲೈನಿನ, ಅಂದರೆ ಕಣಗಳನ್ನು ಉಪಕರಣದತ್ತ ಒಯ್ಯುವ ದಾರಿಯ, ತುದಿಯಲ್ಲಿ. ಕಣಗಳನ್ನು ಗುರುತಿಸುವ ಉಪಕರಣವಾದ ಡಿಟೆಕ್ಟರನ್ನು ಪರೀಕ್ಷಿಸುವ ಜಾಗಗಳು ಕೆಲವೇ, ಕೇಳುವ ತಂಡಗಳು ಅನೇಕ. ಆದ್ದರಿಂದ ಒಂದೊಂದು ತಂಡಕ್ಕೆ ವಾರದ ಲೆಕ್ಕದಲ್ಲಿ ಸಮಯ ಸಿಗುತ್ತದೆ. ಚಳಿಗಾಲ ಬಂತೆಂದರೆ ದುರಸ್ತಿಗಾಗಿ ಎಲ್ಲವೂ ನಿಲ್ಲುತ್ತದೆ. ದೊಡ್ಡ ದುರಸ್ತಿಯಿದ್ದ 2019 ಮತ್ತು 2020ರಲ್ಲಂತೂ ಅಲ್ಲಿ ಯಾರಿಗೂ ಪರೀಕ್ಷಾ ಬೀಮ್ ಇರಲಿಲ್ಲ.

ನಾನು ಕೆಲಸ ಮಾಡಿದ ಒಂದು ಪ್ರಯೋಗಾಲಯದಲ್ಲಿ ನಡೆದದ್ದನ್ನು ಹೇಳುತ್ತೇನೆ. ದೊಡ್ಡ ತಂಡವೊಂದಕ್ಕೆ ಎರಡು ವಾರ ಕೊಟ್ಟಿದ್ದೆವು. ತಂಡದವರು ಬಂದರು, ಅವರ ಡಿಟೆಕ್ಟರ್ ಇದ್ದ ಪೆಟ್ಟಿಗೆ ಬರಲಿಲ್ಲ. ಅದು ಸುಂಕದ ಕಟ್ಟೆಯಲ್ಲಿ ಸಿಕ್ಕಿಕೊಂಡಿತ್ತು. ನಾನು ಪ್ರತಿ ಸಂಜೆ ಫೋನ್ ಮಾಡುತ್ತಿದ್ದೆ, ಅವರು ಪ್ರತಿ ಸಂಜೆ "ನಾಳೆ ಬಂದೇ ಬರುತ್ತದೆ" ಎನ್ನುತ್ತಿದ್ದರು. ಅದೇ ಕಟ್ಟಡದ ಮತ್ತೊಂದು ಕೋಣೆಯಲ್ಲಿ ಇಬ್ಬರು ವಿದ್ಯಾರ್ಥಿಗಳ ಪುಟ್ಟ ತಂಡವೊಂದು ತನ್ನ ಉಪಕರಣವನ್ನು ಜೋಡಿಸಿ, ಕೇಬಲ್‌ಗಳಿಗೆ ಚೀಟಿ ಅಂಟಿಸಿ, ಅರ್ಧ ದಿನದ ಸೂಚನೆ ಸಿಕ್ಕರೂ ಸಾಕೆಂದು ಕಾಯುತ್ತಿತ್ತು. ಒಂಬತ್ತು ದಿನ ಆ ಬೀಮ್ ಖಾಲಿ ಜಾಗದೊಳಗೆ ಹರಿಯಿತು. ಹತ್ತನೆಯ ದಿನ ದೊಡ್ಡ ತಂಡದವರು ಕೈಚೆಲ್ಲಿದಾಗ ವಿದ್ಯಾರ್ಥಿಗಳನ್ನು ಕರೆದೆ. ಅವರು ಆ ರಾತ್ರಿಯೇ ಉಪಕರಣ ಕೂರಿಸಿದರು. ಒಳಗೆ ಯಾರೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ಬಾಗಿಲು ಮುಚ್ಚಿ ಬೀಮ್ ಬಿಡುವಷ್ಟರಲ್ಲಿ ಬೆಳಗಾಗಿತ್ತು. ಮರುದಿನವೇ ಆಯಸ್ಕಾಂತವೊಂದರ ವಿದ್ಯುತ್ ಪೂರೈಕೆ ಕೆಟ್ಟು ಎರಡು ದಿನ ಹೋದವು. ಅವರಲ್ಲೊಬ್ಬಳ ಪ್ರಬಂಧಕ್ಕೆ ಬೇಕಿದ್ದ ಅಳತೆಗಳಲ್ಲಿ ಅರ್ಧ ಮಾತ್ರ ಮುಗಿದವು. ಉಳಿದರ್ಧಕ್ಕೆ ಆಕೆ ಚಳಿಗಾಲ ಕಳೆಯುವವರೆಗೆ, ಅಂದರೆ ಏಳು ತಿಂಗಳು ಕಾಯಬೇಕಾಯಿತು. ದೊಡ್ಡ ತಂಡದವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಕೊಟ್ಟ ಸಮಯವನ್ನು ಮರಳಿಸಿದರೆ ಮುಂದಿನ ಸಲ ಕಡಿಮೆ ಸಿಗಬಹುದೆಂಬ ಅಳುಕು ಇತ್ತು. ಮೂರನೆಯ ದಿನವೇ ನಾನು ತೀರ್ಮಾನ ಮಾಡಬೇಕಿತ್ತು, ಮಾಡಲಿಲ್ಲ. ಆ ನಂತರ ನಾವು ನಿಯಮ ಬದಲಿಸಿದೆವು: ಮೊದಲೇ ತಿಳಿಸಿ ಸಮಯ ಮರಳಿಸಿದ ತಂಡಕ್ಕೆ ಮುಂದಿನ ಹಂಚಿಕೆಯಲ್ಲಿ ಆದ್ಯತೆ.

ನನಗೆ ಕೊಟ್ಟಿರುವ ಅವಧಿ ಮುಗಿಯುತ್ತ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಹಂಚಿಕೆಯ ಇಕ್ಕಟ್ಟನ್ನು ಯಂತ್ರದಿಂದಲೇ ಸಡಿಲಿಸುವುದೂ ಸಾಧ್ಯ. ಸರ್ನ್‌ನಲ್ಲಿ 2000ದಿಂದ ಪ್ರೋಟಾನಿನ ವಿರುದ್ಧ ಜೋಡಿಯಾದ ಪ್ರತಿಪ್ರೋಟಾನುಗಳನ್ನು ನಿಧಾನಗೊಳಿಸಿ ಕೊಡುತ್ತಿದ್ದ ಯಂತ್ರ ಒಮ್ಮೆಗೆ ಒಂದೇ ಪ್ರಯೋಗಕ್ಕೆ, ಎಂಟು ಗಂಟೆಗಳ ಪಾಳಿಯಲ್ಲಿ ಸಿಗುತ್ತಿತ್ತು. ಎಲೆನಾ ಎಂಬ 30 ಮೀಟರ್ ಸುತ್ತಳತೆಯ ಸಣ್ಣ ವರ್ತುಲವನ್ನು ಸೇರಿಸಿದ ಮೇಲೆ, 2021ರಿಂದ ನಾಲ್ಕು ಪ್ರಯೋಗಗಳಿಗೆ ಏಕಕಾಲಕ್ಕೆ, ಹಗಲಿರುಳೂ ಸಿಗುವಂತಾಯಿತು. ಎಷ್ಟು ಸುಂದರವಾದ ಕೆಲಸ ನೋಡಿ! ಎಲ್ಲ ಕಡೆ ಅದು ಆಗದು. ಪ್ರೋಟಾನುಗಳು ಬಡಿದು ಹೊಸ ಕಣಗಳು ಹುಟ್ಟುವ ಒಂದೇ ಗುರಿಫಲಕದಿಂದ ಎರಡು ಬೀಮ್‌ಲೈನುಗಳು ಹೊರಟಲ್ಲಿ, ಕಣಗಳಿಗೆ ಎಷ್ಟು ಶಕ್ತಿ ಇರಬೇಕೆಂಬ ನಿಮ್ಮ ಆಯ್ಕೆ ನೆರೆಯವರ ಆಯ್ಕೆಯನ್ನು ಕಟ್ಟಿಹಾಕುತ್ತದೆ. ವಾರದ ನಡುವೆ ಮನಸ್ಸು ಬದಲಿಸಿದರೆ ಅವರ ಗಂಟೆಗಳೂ ಹಾಳಾಗುತ್ತವೆ.

ಹಾಗಾಗಿ, ವಿದ್ಯಾರ್ಥಿಗಳೇ, ಅರ್ಜಿಯಲ್ಲಿ ಅಳತೆಗೆ ಬೇಕಾದ ದಿನಗಳ ಜೊತೆಗೆ ಜೋಡಣೆಗೆ ಬೇಕಾದ ದಿನಗಳನ್ನೂ ಬರೆಯಿರಿ. ರಾತ್ರಿ ಪಾಳಿಗೆ ಜನರಿಲ್ಲದಿದ್ದರೆ ರಾತ್ರಿಯನ್ನು ಕೇಳಬೇಡಿ. ನಿಮ್ಮ ಪೆಟ್ಟಿಗೆ ಹೊರಡುವ ದಿನ ಹೊರಡದಿದ್ದರೆ, ನಾಳೆ ಹೊರಡಬಹುದೆಂದು ಕಾಯದೆ, ಅಂದೇ ವೇಳಾಪಟ್ಟಿಯವರಿಗೆ ಫೋನ್ ಮಾಡಿ. ನಮಸ್ಕಾರ.