ಹುಳ ಮುಟ್ಟಿದರೆ ಮೊದಲು ಹೊತ್ತು ನೋಡಿ

ನಮಸ್ಕಾರ. ನಮ್ಮ ಕಡೆ ರಾತ್ರಿ ಹೊತ್ತು ಹಾವಿನ ಹೆಸರು ಎತ್ತುವುದಿಲ್ಲ, 'ಹುಳ ಮುಟ್ಟಿದೆ ಡಾಕ್ಟ್ರೇ' ಅಂತಲೇ ಓಡಿ ಬರುತ್ತಾರೆ. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಈ ಮಾತು ಕಿವಿಗೆ ಬಿದ್ದರೆ ನಾನು ಮೊದಲು ಕೇಳುವುದು 'ಯಾವ ಹಾವು' ಅಂತಲ್ಲ, 'ಎಷ್ಟು ಹೊತ್ತಾಯಿತು' ಅಂತ.

ಮಳೆ ಹಿಡಿದ ಮೇಲೆ ಇಂಥವರು ಜಾಸ್ತಿ. ಕಳೆ ಕೀಳುವವರು, ಹುಲ್ಲು ಕೊಯ್ಯುವವರು, ಮುಸ್ಸಂಜೆ ಬರಿಗಾಲಲ್ಲಿ ಕೊಟ್ಟಿಗೆಗೆ ಹೋದವರು. ಕಚ್ಚುವುದು ಹೆಚ್ಚಾಗಿ ಪಾದಕ್ಕೆ. ಭಾರತದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹೀಗೆ ಸತ್ತಿದ್ದಾರೆ ಎಂಬ ಅಂದಾಜಿದೆ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರದಷ್ಟು. ಬಹಳಷ್ಟು ಜನ ಆಸ್ಪತ್ರೆ ಬಾಗಿಲಿಗೇ ಬಂದವರಲ್ಲ. ಕರ್ನಾಟಕದಲ್ಲಿ 2024ರಿಂದ ಪ್ರತಿಯೊಂದು ಹಾವು ಕಡಿತವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು, ಖಾಸಗಿ ಆಸ್ಪತ್ರೆಯವರೂ ಸಹ. ಇದು ಬಹಳ ಮುಂಚೆಯೇ ಆಗಬೇಕಿತ್ತು.

ಬಂದ ಕೂಡಲೇ ನಾವು ಏನು ಮಾಡುತ್ತೇವೆ ಗೊತ್ತಾ? ಒಣಗಿದ ಹೊಸ ಗಾಜಿನ ಕೊಳವೆಗೆ 2 ಮಿಲಿ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುತ್ತೇವೆ. ಸೋಪಿನಲ್ಲಿ ತೊಳೆದ ಕೊಳವೆ ಆಗುವುದಿಲ್ಲ, ಲೆಕ್ಕ ತಪ್ಪುತ್ತದೆ. ಆಮೇಲೆ ಮೆಲ್ಲಗೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟಿ ತಳದಲ್ಲೇ ಕೂತಿದ್ದರೆ ಸ್ವಲ್ಪ ನೆಮ್ಮದಿ. ನೀರಿನ ಹಾಗೆ ಹರಿದರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಸೇರಿದೆ ಅಂತ ಅರ್ಥ, ತಕ್ಷಣ ಹಾವಿನ ವಿಷ ಇಳಿಸುವ ಮದ್ದು 10 ವಯಲ್ (ಸಣ್ಣ ಬಾಟಲಿ) ಶುರು. ಮಗುವಿಗೂ ಅಷ್ಟೇ ಡೋಸ್, ಯಾಕಂದ್ರೆ ಹಾವು ಬಿಟ್ಟ ವಿಷ ದೊಡ್ಡವರಿಗೂ ಮಕ್ಕಳಿಗೂ ಒಂದೇ.

ಒಂದೇ ವಾರದಲ್ಲಿ ಇಬ್ಬರು ಬಂದಿದ್ದರು, ಇಬ್ಬರಿಗೂ ಕೊಳಕುಮಂಡಲವೇ. ಒಬ್ಬರು ಪಕ್ಕದ ಮನೆಯವರ ಬೈಕಿನಲ್ಲಿ ಅರ್ಧ ಗಂಟೆಯೊಳಗೆ ಬಂದು ನಾಲ್ಕನೇ ದಿನ ಮನೆಗೆ ಹೋದರು. ಇನ್ನೊಬ್ಬ ಅಕ್ಕನಿಗೆ ಕಾಲಿಗೆ ಹಗ್ಗ ಬಿಗಿದು, ನಾಟಿ ಔಷಧಿ ಅರೆದು ಹಚ್ಚಿ, ಅರ್ಧ ದಿನ ಕಳೆದು ಕರೆತಂದರು. ಅಷ್ಟರಲ್ಲಿ ಮೂತ್ರ ನಿಂತಿತ್ತು. ಮೂರು ವಾರ ಡಯಾಲಿಸಿಸ್, ಮನೆಯ ಎರಡು ಹಸುಗಳೂ ಮಾರಾಟವಾದವು. ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಕಟ್ಟುಹಾವಿನದು ಬೇರೆ ಕಥೆ. ನೆಲದ ಮೇಲೆ ಮಲಗಿದವರಿಗೆ ನಡುರಾತ್ರಿ ಕಚ್ಚುತ್ತದೆ. ಊತ ಇರುವುದಿಲ್ಲ, ಗಾಯವೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದರೆ ಮನೆಯವರು ಗ್ಯಾಸ್ ಅಂದುಕೊಳ್ಳುತ್ತಾರೆ, ಅಷ್ಟರಲ್ಲಿ ರೆಪ್ಪೆ ಜೋತುಬಿದ್ದು, ಎಂಜಲು ನುಂಗಲೂ ಆಗದೆ, ಉಸಿರು ಕಟ್ಟತೊಡಗುತ್ತದೆ. ಹಾಗೆ ವೆಂಟಿಲೇಟರ್ ಮೇಲೆ ಮಲಗಿದ್ದ ಒಬ್ಬ ಹುಡುಗ ಐದನೇ ದಿನ ಬಾಯಿಯ ಕೊಳವೆ ತೆಗೆದ ಮೇಲೆ, ಅವನಮ್ಮ ಮಂಚದ ಪಕ್ಕ ನಿಂತು ಹೊತ್ತ ಹರಕೆಯನ್ನು ಚಾಚೂ ತಪ್ಪದೆ ಹೇಳಿದ. ಕಣ್ಣು ಬಿಡಲಾಗದಿದ್ದರೂ ಅವನಿಗೆ ಎಲ್ಲವೂ ಕೇಳಿಸುತ್ತಿತ್ತು! ಅಂಥವರ ಹತ್ತಿರ ದಯವಿಟ್ಟು ಧೈರ್ಯದ ಮಾತಾಡಿ.

ಹಾವು ಹುಡುಕಿ ಕೊಲ್ಲುತ್ತಾ ಹೊತ್ತು ಕಳೆಯಬೇಡಿ. ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ. ಉಂಗುರ, ಕಾಲ್ಗೆಜ್ಜೆ ತೆಗೆದುಬಿಡಿ, ಆಮೇಲೆ ಊತ ಬಂದು ಕಚ್ಚಿಕೊಳ್ಳುತ್ತವೆ. ಕಚ್ಚಿದ ಕಾಲು ಅಲುಗದ ಹಾಗೆ ಹಲಗೆ ಇಟ್ಟು, ನಡೆಸದೆ ಎತ್ತಿಕೊಂಡು ಬನ್ನಿ, 108ಕ್ಕೆ ಫೋನ್ ಮಾಡಿ. ನೆಲದ ಮೇಲೆ ಮಲಗುವವರು ಇವತ್ತು ರಾತ್ರಿಯೇ ಸೊಳ್ಳೆ ಪರದೆ ಕಟ್ಟಿ, ಅದರ ಅಂಚನ್ನು ಸುತ್ತಲೂ ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗಿ.