ಮಗುವಿನ ಫೋನಿಗೆ ಕಾವಲು ಕೂತ್ರೆ ಸಾಕಾ?

"ಪಾಸ್‌ವರ್ಡ್ ಬದಲಾಯಿಸಿದ್ವಿ, ರಾತ್ರಿ ವೈಫೈ ಆಫ್ ಮಾಡಿದ್ವಿ. ಆದ್ರೂ ಮಗ ಫೋನ್ ಬಿಡ್ತಿಲ್ಲ." 11ರಿಂದ 14 ವಯಸ್ಸಿನ ಮಕ್ಕಳಿರೋ ಅಪ್ಪ-ಅಮ್ಮಂದಿರು ನಮಗೆ ಪದೇಪದೇ ಹೇಳೋ ಮಾತಿದು.

ಬೇಸಿಕ್ಸ್ ಬೇಗ ಮುಗಿಸೋಣ. ಎಷ್ಟು ಗಂಟೆ ನೋಡ್ತಾರೆ ಅನ್ನೋದೊಂದೇ ಲೆಕ್ಕ ಅಲ್ಲ. ನಿದ್ದೆ, ಓದು, ಗೆಳೆತನ ಕೆಡ್ತಿದ್ರೂ ನಿಲ್ಲಿಸೋಕೆ ಆಗ್ತಿಲ್ಲ ಅಂದ್ರೆ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ, ಐಸಿಡಿ-11, 2022ರಲ್ಲಿ ಜಾರಿಗೆ ಬಂತು. ಅದ್ರಲ್ಲಿ ಗೇಮಿಂಗ್ ಡಿಸಾರ್ಡರ್ (ಗೇಮ್ ಆಡೋದು ಕೈಮೀರಿ ಹೋಗೋ ಕಾಯಿಲೆ) ಇದೆ, 'ಇಂಟರ್ನೆಟ್ ಚಟ' ಅಂತ ಪ್ರತ್ಯೇಕ ಕಾಯಿಲೆ ಇಲ್ಲ. ಸೋ, ನಾಲ್ಕು ರೀಲ್ಸ್ ನೋಡಿದ್ದಕ್ಕೆ 'ಅಡಿಕ್ಟ್' ಅಂತ ಹಣೆಪಟ್ಟಿ ಹಚ್ಚಬೇಡಿ.

ಮನೇಲಿ ಅನ್ಯೋನ್ಯತೆ ಇದ್ರೆ ಈ ತೊಂದರೆ ಕಡಿಮೆ ಅಂತ ಹಲವು ಅಧ್ಯಯನಗಳು ಹೇಳಿವೆ. ಯಾಕಿರಬಹುದು? ಅಂಥ ಹೆತ್ತವರು ಚೆನ್ನಾಗಿ ಕಣ್ಣಿಡ್ತಾರೆ, ಅದಕ್ಕಾ?

ಇಲ್ಲಿದೆ ನನ್ನ ಫೇವರಿಟ್ ಸಂಶೋಧನೆ. ಸ್ವೀಡನ್, 2000ನೇ ಇಸವಿ, ಸ್ಮಾರ್ಟ್‌ಫೋನ್ ಇಲ್ಲದ ಕಾಲ. ಸ್ಟಾಟಿನ್ ಮತ್ತು ಕೆರ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು 14 ವರ್ಷದ ಮಕ್ಕಳನ್ನೂ ಅವರ ಹೆತ್ತವರನ್ನೂ ಮಾತಾಡಿಸಿದ್ರು. ಅಲ್ಲೀವರೆಗೂ ಮಗು ಎಲ್ಲಿ, ಯಾರ ಜೊತೆ ಇದೆ ಅಂತ ಹೆತ್ತವರಿಗೆ ಗೊತ್ತಿದ್ರೆ ಸಾಕು, ಸಂಶೋಧಕರು ಅದನ್ನ 'ಒಳ್ಳೆ ನಿಗಾ' ಅಂತ ಬರ್ಕೊಳ್ತಿದ್ರು. ಇವರು ಕೇಳಿದ್ದು ಬೇರೆ: ಅದು ನಿಮಗೆ ಗೊತ್ತಾಗಿದ್ದು ಹೇಗೆ? ಕೆದಕಿ ಕೇಳಿದ್ದಕ್ಕಾ, ಕಟ್ಟುನಿಟ್ಟು ಮಾಡಿದ್ದಕ್ಕಾ, ಅಥವಾ ಮಗು ತಾನಾಗೇ ಹೇಳಿದ್ದಕ್ಕಾ? ಗೆದ್ದಿದ್ದು ಮೂರನೇದು! ಇಷ್ಟು ವರ್ಷ ಪತ್ತೇದಾರಿಕೆ ಅಂತ ಅಪ್ಪ-ಅಮ್ಮ ಬೆನ್ನು ತಟ್ಕೊಂಡಿದ್ದೆಲ್ಲ, ಬಹುಪಾಲು ಮಗುವೇ ಬಾಯಿಬಿಟ್ಟಿದ್ದು. ಅಂದ್ರೆ ಅನ್ಯೋನ್ಯತೆ ಇರೋ ಮನೇಲೂ ಕೆಲಸ ಮಾಡ್ತಿರೋದು ಕಣ್ಣಿಡೋದಲ್ಲ, ಮಗು ಹೇಳ್ಕೊಳ್ಳೋದೇ ಇರಬಹುದು.

ಈಗ ಇದನ್ನ ನೋಡಿ. ಮಗಳು ಬಂದು, "ಅಮ್ಮಾ, ಗೇಮ್‌ನಲ್ಲಿ ಯಾರೋ ನನ್ನ ಫೋಟೋ ಕೇಳ್ದ" ಅಂತಾಳೆ. ಅಮ್ಮ: "ಅದಕ್ಕೇ ಬಡ್ಕೊಂಡೆ, ಆಡ್ಬೇಡ ಅಂತ! ಕೊಡು ಇಲ್ಲಿ ಫೋನು." ಮುಂದಿನ ಸಲ ಅವಳು ಹೇಳ್ತಾಳಾ? "ಯಾರದು? ನೀನೇನಂದೆ?" ಅಂತ ಕೇಳಿದ್ರೆ ಮಾತು ಮುಂದುವರೀತಿತ್ತು. ಫೋನ್ ಕಿತ್ಕೊಳ್ಳೋದು ಅಷ್ಟೇನೂ ಅವಸರ ಇರ್ಲಿಲ್ಲ.

ಟೈಮ್ ಆಗ್ತಾ ಬಂತು, ಉಳಿದಿದ್ದು ಒಂದೇ ಉಸಿರಲ್ಲಿ. ಒಂದು, ಯಾವುದು ಮೊದಲು ಅನ್ನೋದು ಸಿಕ್ಕು: ಮನೇಲಿ ದೂರ ಆಗಿ ಫೋನ್ ಹಿಡಿದ್ರೋ, ಫೋನ್ ಹಿಡಿದು ದೂರ ಆದ್ರೋ, ಎರಡೂ ಆಗಬಹುದು. ಇನ್ನೊಂದು, ಉಸಿರುಗಟ್ಟಿಸೋ ಹತ್ತಿರಾನೂ ಒಳ್ಳೇದಲ್ಲ ಅಂತ ಕುಟುಂಬಗಳ ಬಗ್ಗೆ ಡೇವಿಡ್ ಓಲ್ಸನ್ ಅನ್ನೋ ಸಂಶೋಧಕರು ಕಟ್ಟಿದ ಮಾದರಿ ಹೇಳುತ್ತೆ. ರೂಲ್ಸ್ ಬೇಡ ಅಂತಲೂ ನಾನು ಹೇಳ್ತಿಲ್ಲ. ಮಲಗೋ ಕೋಣೇಲಿ ಫೋನ್ ಬೇಡ ಅನ್ನೋದು ಒಳ್ಳೇ ರೂಲೇ. ಅದು ಅಪ್ಪನ ಫೋನಿಗೂ ಅನ್ವಯಿಸುತ್ತೆ, ಸ್ವಾಮಿ.