ಕಲರ್ ದೊಡ್ಡದೋ, ಸೀಕ್ವೆನ್ಸ್ ದೊಡ್ಡದೋ?

ನಮಸ್ಕಾರ ರೀ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದಿದವರಿಗೆ ಇದು ಗೊತ್ತಿರುತ್ತದೆ. ಕರೆಂಟ್ ಹೋದ ತಕ್ಷಣ ಪುಸ್ತಕ ಮುಚ್ಚುತ್ತವೆ, ಇಸ್ಪೀಟ್ ಎಲೆ ಹೊರಗೆ ಬರುತ್ತವೆ. ನಾವು ನಾಲ್ಕು ಜನ. ಪಣಕ್ಕೆ ಹುಣಸೆ ಬೀಜ. ಜಾಸ್ತಿ ಸೋತವನು ಗಿರಮಿಟ್, ಮಿರ್ಚಿ ಕೊಡಿಸಬೇಕು, ಅಷ್ಟೇ. ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅದರ ಪರ ವಕಾಲತ್ತು ಮಾಡೋಕೆ ನಾನು ಬಂದಿಲ್ಲ.

ಆವತ್ತು ಮೂರೆಲೆಯ ತೀನ್ ಪತ್ತಿ ಸಾಕಾಗಿ ಪೋಕರ್ ಶುರು ಮಾಡಿದೆವು. ಐದೈದು ಎಲೆ. ಹಾವೇರಿ ಕಡೆಯ ಗೆಳೆಯನಿಗೆ ಐದರಿಂದ ಒಂಬತ್ತರ ತನಕ ಸಾಲಾಗಿ ಬಿದ್ದಿತ್ತು, ಅಂದರೆ ಸೀಕ್ವೆನ್ಸ್. ನನ್ನವು ಐದೂ ಕಳಾವರ್. ಹೀಗೆ ಎಲ್ಲವೂ ಒಂದೇ ಬಣ್ಣ (ನಾಲ್ಕು ಗುರುತಿನಲ್ಲಿ ಒಂದು) ಆದರೆ ಕಲರ್. ಅವನು ಬೀಜ ಎಲ್ಲ ತನ್ನ ಕಡೆ ಬಾಚಿಕೊಂಡ. ನಾನು ಕೈ ಹಿಡಿದೆ.

"ಲೇ, ಸೀಕ್ವೆನ್ಸ್ ಮುಂದ ಕಲರ್ ಎಲ್ಲಿ ನಡೀತೈತಿ? ಸಣ್ಣವಿದ್ದಾಗಿಂದ ಆಡಾಕತ್ತೀನಿ ನಾ!"

ಮೊಬೈಲ್ ತೆಗೆದು ಪಟ್ಟಿ ತೋರಿಸಿದೆ. ಪೋಕರ್‌ನಲ್ಲಿ ಕಲರ್ ಮೇಲೆ, ಸೀಕ್ವೆನ್ಸ್ ಕೆಳಗೆ. "ಹಂಗಾರ ಪಟ್ಟಿ ಬರದಾಂವಗ ಆಟ ಬರಂಗಿಲ್ಲ ತಗೊ" ಅಂದ.

ಅವನು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ತೀನ್ ಪತ್ತಿಯಲ್ಲಿ ಸೀಕ್ವೆನ್ಸೇ ದೊಡ್ಡದು. ಎಲೆ ಅವೇ 52, ಆದರೂ ಬೆಲೆ ಯಾಕೆ ತಿರುಗಾಮುರುಗಾ ಆಯಿತು? ಪಟ್ಟಿ ಬಾಯಿಪಾಠ ಮಾಡಿದವನಿಗೆ ಇದು ಯಾವತ್ತೂ ಹೊಳೆಯುವುದಿಲ್ಲ. ಎಣಿಸಬೇಕು ರೀ, ಎಣಿಸಬೇಕು. ಅಪರೂಪಕ್ಕೆ ಬರುವ ಕೈಯೇ ದೊಡ್ಡದು, ಲೆಕ್ಕ ಇಷ್ಟೇ.

ಒಬ್ಬನಿಗೆ ಬರಬಹುದಾದ ಮೂರೆಲೆಯ ಗುಂಪುಗಳು, ಅಂದರೆ ಕೈಗಳು, ಒಟ್ಟು 22,100. ಅದರಲ್ಲಿ ಕಲರ್ 1,096, ಸೀಕ್ವೆನ್ಸ್ 720. ಅಂದರೆ ಸುಮಾರು 20 ಕೈಗೆ ಒಂದು ಕಲರ್, 30 ಕೈಗೆ ಒಂದು ಸೀಕ್ವೆನ್ಸ್. ಈಗ ಇನ್ನೆರಡು ಎಲೆ ಸೇರಿಸಿ. ಒಟ್ಟು ಕೈ 25,98,960 ಆಗುತ್ತವೆ. ಕಲರ್ 5,108, ಸೀಕ್ವೆನ್ಸ್ 10,200. ಕಲರ್ ಸುಮಾರು 500ಕ್ಕೆ ಒಂದಕ್ಕೆ ಇಳಿಯಿತು. ಸೀಕ್ವೆನ್ಸ್ 250ಕ್ಕೆ ಒಂದು.

ಯಾಕೆ ಅಂದರೆ, ಮೂರು ಎಲೆ ಕಳಾವರ್ ಬಂದಮೇಲೆ ಉಳಿದಿರುವ 49ರಲ್ಲಿ ಕಳಾವರ್ ಹತ್ತೇ. ಅದೂ ಬಂತು ಅನ್ನಿ, ಮುಂದೆ 48ರಲ್ಲಿ ಒಂಬತ್ತು. ಪ್ರತಿ ಸಲ ಐದರಲ್ಲಿ ಒಂದು ಪಾಲು. ಎರಡು ಸಲಕ್ಕೆ 25 ಪಟ್ಟು ಕಷ್ಟ ಏರಿತು. ಸೀಕ್ವೆನ್ಸ್‌ಗೆ ಅಷ್ಟು ಏಟು ಬೀಳುವುದಿಲ್ಲ, ಅದು ಎಂಟೊಂಬತ್ತು ಪಟ್ಟಿಗೇ ನಿಲ್ಲುತ್ತದೆ. ಅದಕ್ಕೆ ಬಣ್ಣದ ಹಂಗಿಲ್ಲ, ಸಾಲು ಯಾವ ಕಡೆಯಿಂದಾದರೂ ಬೆಳೆಯಬಹುದು.

ಉಳಿದ ಪೋಕರ್ ಪಟ್ಟಿಯೂ ಇದೇ ಲೆಕ್ಕದ ಮೇಲೆ ನಿಂತಿದೆ. ಒಂದೇ ಬಣ್ಣದ ಸಾಲು 40 ಮಾತ್ರ. ರಾಯಲ್ ಫ್ಲಶ್ ಅಂತ ದೊಡ್ಡ ಹೆಸರು ಇಟ್ಟುಕೊಂಡಿರುವುದು ಆ 40ರಲ್ಲೇ ತುದಿಯ ನಾಲ್ಕು. ನಾಲ್ಕು ಎಕ್ಕ, ನಾಲ್ಕು ರಾಜ ಅನ್ನುವಂಥ ಕೈ 624. ತ್ರಿವಳಿ, ಜೋಡಿ ಎರಡೂ ಸೇರಿದ ಫುಲ್ ಹೌಸ್ 3,744. ಆಮೇಲೆ ನಮ್ಮ ಜಗಳದ ಎರಡು. ಕೆಳಗೆ ತ್ರಿವಳಿ, ಎರಡು ಜೋಡಿ, ಒಂದು ಜೋಡಿ, ಏನೂ ಇಲ್ಲದ್ದು.

ಆದರೆ ಇದೇ ತಕ್ಕಡಿಯಲ್ಲಿ ತೀನ್ ಪತ್ತಿ ತೂಗಿದರೆ ಒಂದು ಮೋಸ ಸಿಗುತ್ತದೆ. ಮೂರು ಎಕ್ಕ, ಮೂರು ರಾಜ ಅನ್ನುವಂಥ ಟ್ರಯಲ್ ಒಟ್ಟು 52 ಇವೆ. ಪ್ಯೂರ್ ಸೀಕ್ವೆನ್ಸ್, ಅಂದರೆ ಒಂದೇ ಬಣ್ಣದ ಸಾಲು, 48. ಅಪರೂಪದ್ದು ಪ್ಯೂರ್. ಆದರೂ ಟ್ರಯಲ್ಲೇ ದೊಡ್ಡದು ಅಂತ ಎಲ್ಲರೂ ಒಪ್ಪಿಕೊಂಡು ಆಡುತ್ತೇವೆ! ಮೂರು ಎಕ್ಕ ನೆಲಕ್ಕೆ ಬಡಿದಾಗಿನ ಗತ್ತು ನೋಡಿ ಕೊಟ್ಟ ಪಟ್ಟ ಅದು ಅಂತ ನನಗೆ ಅನಿಸುತ್ತದೆ. ನನ್ನ ಕೇಳಿದರೆ ಅದನ್ನು ಬದಲಿಸಬೇಕು. ನಮ್ಮ ರೂಮಿನಲ್ಲಿ ಮತಕ್ಕೆ ಹಾಕಿದೆ, ಮೂರು-ಒಂದರಲ್ಲಿ ಸೋತೆ.

ಸೇಡು ತೀರಿಸಿಕೊಳ್ಳೋಣ ಅಂತ ಟೆಕ್ಸಾಸ್ ಹೋಲ್ಡಮ್ ತೆಗೆದೆ. ಕೈಯಲ್ಲಿ ಎರಡು ಎಲೆ, ನೆಲದ ಮೇಲೆ ಐದು, ಏಳರಲ್ಲಿ ಒಳ್ಳೆಯ ಐದು ಆರಿಸಿಕೊಳ್ಳುವುದು. ಅಲ್ಲಿ ನೂರಕ್ಕೆ ಸುಮಾರು 44 ಸಲ ಒಂದು ಜೋಡಿ ಬರುತ್ತದೆ. ಏನೂ ಇಲ್ಲದ ಕೈ 17 ಸಲ ಮಾತ್ರ. "ಹಂಗಾರ ಏನೂ ಇಲ್ಲದಾಂವನ ಗೆಲ್ಲಬೇಕಲ್ಲೋ? ನಿಂದ ಲೆಕ್ಕ" ಅಂದ ಹಾವೇರಿಯವನು. ಒಂದು ಕ್ಷಣ ನನ್ನ ಬಾಯಿ ಕಟ್ಟಿತು.

ಸರಿ, ಹಾಗೇ ಆಡೋಣ ಅಂದೆವು. ಮೊದಲ ಕೈಗೇ ಅವನಿಗೆ ಎರಡು ರಾಣಿ ಬಂದವು. ಒಂದು ರಾಣಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬೇರೆ ಐದು ಎಲೆ ಮುಂದಿಟ್ಟ. "ನೋಡ್ರಿ, ನನ್ನ ಕಡೆ ಏನೂ ಇಲ್ಲ." ಏಳರಲ್ಲಿ ಐದು ಆರಿಸುವ ಹಕ್ಕು ಇದೆಯಲ್ಲ, ಜೋಡಿ ಬಂದವನೂ ಅದನ್ನು ಮುಚ್ಚಿಡಬಹುದು. ಎಲ್ಲರೂ ಮುಚ್ಚಿಟ್ಟರೆ ಏನೂ ಇಲ್ಲದ ಕೈಯೇ ಎಲ್ಲಕ್ಕಿಂತ ಜಾಸ್ತಿ ಆಗುತ್ತದೆ. ಲೆಕ್ಕ ಮತ್ತೆ ತಿರುವಿ ಹಾಕಬೇಕು. ಹಾಗಾಗಿ ಹಳೆಯ ಪಟ್ಟಿಗೇ ವಾಪಸ್ ಬಂದೆವು.

ಅಷ್ಟರಲ್ಲಿ ಕರೆಂಟ್ ಬಂತು. ಬೀಜ ಎಣಿಸಿದರೆ ನನ್ನ ಹತ್ತಿರ ಮೂರೇ ಉಳಿದಿದ್ದವು. ಗಿರಮಿಟ್ ನಾನೇ ತಂದೆ.